ದಾಕ್ಷಕ್ಕನ ಮಣೆ

“ಯಾರೂ ಕೈ ಹಚ್ಚಬ್ಯಾಡ್ರಿ. ಕಣ್ಣಾಗೇ ಎಣಿಸ್ರಿ. ಈ ಗುಳಿಯೊಳಗಿನ ಬೀಜ ಎತ್ತಿ ಹಂಚಿದರೆ ಕೊನೇ ಬೀಜ ಎಲ್ಲಿ ಬೀಳ್ತೈತೆ?”

ನಿರ್ಮಲಮ್ಮ ಅಕ್ಕೋರು ಹೀಗೆ ಕೇಳಿದ್ದೇ ತಡ, ಮಂಗಳ ಕೈ ಎತ್ತಿದಳು. ನಾಲ್ಕನೇ ಕ್ಲಾಸಿನ ಹುಡುಗಿಯರೆಲ್ಲ ಅಳಗುಳಿ ಮಣೆಯ ಸುತ್ತ ತಲೆಗೆ ತಲೆ ತಾಗುವಂತೆ ಕುಳಿತಿದ್ದರು. ಮಣೆ ಮಂಗಳನ ಮನೆಯದು. ಬೆಳಿಗ್ಗೆ ಅದನ್ನು ಎದೆಗವಚಿಕೊಂಡು ಹೊತ್ತು ತಂದವಳು ಅವಳು. ಆದ್ದರಿಂದ ಮೊದಲು ಉತ್ತರ ಹೇಳುವವಳೂ ತಾನೇ ಆಗಬೇಕೆಂದು ಅವಳಿಗೆ ಆಸೆ.

ಅಕ್ಕೋರು ತೋರಿಸಿದ ಗುಳಿಯಲ್ಲಿ ಆರು ಹುಣಸೆಬೀಜಗಳಿದ್ದವು. ಮಂಗಳ ಕಣ್ಣಲ್ಲೇ ಸರಸರನೆ ಎಣಿಸಿ, “ಇದು,” ಎಂದು ಮೂಲೆಯ ಗುಳಿಯತ್ತ ಬೆರಳು ತೋರಿದಳು.

ಅಕ್ಕೋರು ಬೀಜಗಳನ್ನು ಎತ್ತಿ ಗುಳಿಗೊಂದರಂತೆ ಹಾಕುತ್ತ ಹೋದರು. ಮೂಲೆಯ ಗುಳಿ ದಾಟಿದರೂ ಅವರ ಬೆರಳ ತುದಿಯಲ್ಲಿ ಒಂದು ಬೀಜ ಉಳಿದೇ ಇತ್ತು.

“ಎತ್ತಿದ ಗುಳಿನೂ ಸೇರಿಸಿ ಎಣಿಸಿದ್ಲು ಅಕ್ಕೋರೆ,” ಎಂದು ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಕೇಳಿಸಿತು. “ಅದು ಖಾಲಿ ಆಗಿರ್ತೈತಲ್ರಿ. ಅದನ್ನ ಬಿಟ್ಟು ಎಣಿಸ್ಬೇಕು.”

ಯಾರೋ ಕಿಸಕ್ಕನೆ ನಕ್ಕರು. ಮಂಗಳ ತಿರುಗಿ ನೋಡಿದಳು. ಹೇಳಿದವಳು ರಶೀದಾ.

ಬೇರೆ ಯಾರಾದರೂ ಹೇಳಿದ್ದರೆ ಮಂಗಳನಿಗೆ ಅಷ್ಟು ಉರಿಯುತ್ತಿರಲಿಲ್ಲ. ರಶೀದಾ ಮಂಡಕ್ಕಿ ಭಟ್ಟಿಯ ಮಾಬೂಬೀಯ ಮಗಳು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಗೆ ಕನ್ನಡದ ಮಗ್ಗಿ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಏಳರ ಮಗ್ಗಿಗೆ ನಿಲ್ಲಿಸಿದರೆ ಏಳು ನಾಲ್ಕಲೆ ಎಂಬಲ್ಲಿಗೆ ಬಂದು, ಮೇಲೆ ಜಂತೆ ನೋಡುತ್ತ ನಿಂತುಬಿಡುತ್ತಿದ್ದಳು.

ಮಂಗಳನದು ಹಾಗಲ್ಲ. ಅವಳಿಗೆ ಇಪ್ಪತ್ತರವರೆಗೆ ಮಗ್ಗಿ ಬರುತ್ತಿತ್ತು. ಅದರ ಮೇಲೆ ಕಾಲು, ಅರೆ, ಮುಕ್ಕಾಲರ ಮಗ್ಗಿಯೂ ಬರುತ್ತಿತ್ತು. ಅಪ್ಪ ಕೊಟ್ಟೂರಪ್ಪ ಅಂಗಡಿಯಿಂದ ಬಂದ ಮೇಲೆ ಪಡಸಾಲೆಯಲ್ಲಿ ಕೂರಿಸಿಕೊಂಡು ಹೇಳಿಸಿದ್ದರು. ಸಂಜೆ ಶಾಲೆ ಬಿಡುವ ಮುನ್ನ ಹುಡುಗಿಯರೆಲ್ಲ ಸಾಲಾಗಿ ನಿಲ್ಲಬೇಕು, ಮಂಗಳ ಮುಂದೆ ನಿಂತು ಮಗ್ಗಿ ಹೇಳಿಸಬೇಕು. ಅವಳು ಒಂದು ಸಾಲು ಹೇಳಿದರೆ ಇಡೀ ಕ್ಲಾಸು ಕೂಗಿ ಹೇಳಬೇಕು. ಹತ್ತಿಗಿರಣಿಯ ಕೂಗು ಕೇಳಿದಂತೆ ಆ ದನಿ ಬೀದಿಯ ತುದಿಯವರೆಗೆ ಕೇಳಿಸುತ್ತಿತ್ತು. ಎರಡು ವರ್ಷ ಆ ಜಾಗ ಅವಳದೇ ಆಗಿತ್ತು.

ನಿರ್ಮಲಮ್ಮ ಅಕ್ಕೋರು ಬಂದ ಮೇಲೆ ಅದು ತಪ್ಪಿತು.

ಅವರು ಹೊಸದಾಗಿ ಟ್ರೈನಿಂಗ್ ಮುಗಿಸಿ ಬಂದವರು. ದಿನವೂ ಹರಿಹರದಿಂದ ರೈಲಿನಲ್ಲಿ ಬರುತ್ತಿದ್ದರು. ಬಂದ ವಾರದಲ್ಲೇ, ಆಟ ಆಡುತ್ತ ಲೆಕ್ಕ ಕಲಿಯೋಣವೆಂದರು. ಬಾಯಿಪಾಠ ಬೇಡವೆಂದಲ್ಲ, ಬಾಯಿಗೆ ಬಂದದ್ದು ಕಣ್ಣಿಗೂ ಕೈಗೂ ಬರಲಿ ಎಂದರು. ಯಾರ ಮನೆಯಲ್ಲಾದರೂ ಅಳಗುಳಿ ಮಣೆ ಇದ್ದರೆ ತರಬಹುದೇ ಎಂದು ಕೇಳಿದಾಗ ಮಂಗಳ ಎದ್ದು ನಿಂತು, “ನಮ್ಮನಿಯಾಗ ಐತ್ರಿ, ನಾನೇ ತರ್ತೀನಿ,” ಎಂದಿದ್ದಳು. ಮಗ್ಗಿಯಲ್ಲಿ ಮುಂದಿರುವವಳು ಆಟದಲ್ಲೂ ಮುಂದಿರುತ್ತಾಳೆಂದು ಅವಳು ನಂಬಿದ್ದಳು.

ಆ ಮಣೆ ಅವಳ ಅಕ್ಕ ದಾಕ್ಷಾಯಣಿಯದು. ದಾಕ್ಷಾಯಣಿ ಹೋದ ವರ್ಷ ಜ್ವರ ಬಂದು ಶಿವನ ಪಾದ ಸೇರಿದ್ದಳು. ಅಂದಿನಿಂದ ಅವರವ್ವ ಕಸ್ತೂರಮ್ಮ ಆ ಮಣೆಯನ್ನು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಳು. ವಿಭೂತಿ ಗಟ್ಟಿ ತೆಗೆಯುವಾಗ ಆಕೆಯ ಕೈ ಒಂದು ಗಳಿಗೆ ಆ ಮಣೆಯ ಮೇಲೆ ನಿಲ್ಲುತ್ತಿತ್ತು. ಆದರೆ ಕೆಳಗಿಳಿಸುತ್ತಿರಲಿಲ್ಲ.

ಶಾಲೆಗೆ ಬೇಕೆಂದು ಮಂಗಳ ಕೇಳಿದಾಗ ಕಸ್ತೂರಮ್ಮ ಹಲಗೆಯ ಮುಂದೆ ಹೋಗಿ ನಿಂತಳು. ಕೊನೆಗೆ ತಾನೇ ಮಣೆಯನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. ನಾಲ್ಕು ಮಕ್ಕಳು ಮುಟ್ಟಿದರೆ ಅದಕ್ಕೂ ಜೀವ ಬಂದೀತು ಎಂದಷ್ಟೇ ಹೇಳಿ ಒಳಗೆ ಹೋದಳು.

ತೇಗದ ಒಂದೇ ತುಂಡಿನಲ್ಲಿ ಕೊರೆದ ಉದ್ದನೆಯ ಮಣೆ ಅದು. ಎದುರುಬದುರಾಗಿ ಏಳೇಳು ಗುಳಿ, ಎರಡು ತುದಿಗಳಲ್ಲಿ ಗೆದ್ದ ಬೀಜ ಇಡಲು ಒಂದೊಂದು ದೊಡ್ಡ ಗುಳಿ, ಮೇಲೆ ಬಿಗಿಯಾಗಿ ಕೂರುವ ಹಲಗೆಯ ಮುಚ್ಚಳ. ಆ ಸಂಜೆ ಮಂಗಳ ಮುಚ್ಚಳ ತೆಗೆದು ನೋಡಿದರೆ ಬೀಜಗಳೆಲ್ಲ ಅಡ್ಡಾದಿಡ್ಡಿ. ಒಂದು ಗುಳಿ ತುಂಬಿತ್ತು, ಪಕ್ಕದ್ದು ಖಾಲಿ. ಅಕ್ಕನಿಗೆ ಓರಣವೇ ಇರಲಿಲ್ಲವೆಂದುಕೊಂಡು ಮಂಗಳ ಎಲ್ಲವನ್ನೂ ತಟ್ಟೆಗೆ ಸುರಿದಳು. ಬೀಜಗಳು ಗಲಗಲ ಸದ್ದು ಮಾಡುತ್ತ ಬಿದ್ದವು. ಆಮೇಲೆ ಅವನ್ನು ಎಣಿಸಿ, ಗುಳಿಗೆ ಐದರಂತೆ ಜೋಡಿಸಿ, ಮುಚ್ಚಳ ಹಾಕಿಟ್ಟಳು.

ಮಾರನೆಯ ದಿನ ಕ್ಲಾಸಿನಲ್ಲಿ ಮುಚ್ಚಳ ತೆಗೆದಾಗ ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದವಳು ರಶೀದಾ. ನೋಡಿದ ಕೂಡಲೇ ಅವಳ ಮುಖ ಸಪ್ಪಗಾಯಿತು.

“ಬೀಜ ಯಾರು ಜೋಡಿಸಿದ್ದು?” ಎಂದು ಕೇಳಿದಳು.

“ನಾನೇ. ಗಲೀಜಾಗಿದ್ವು,” ಎಂದಳು ಮಂಗಳ.

ರಶೀದಾ ಹಿಂದಿನ ಸಾಲಿಗೆ ಹೋಗಿ ಕುಳಿತಿದ್ದಳು. ಅಲ್ಲಿಂದಲೇ ಈಗ ಮಂಗಳನ ತಪ್ಪನ್ನು ಎತ್ತಿ ಆಡಿದ್ದಳು.

ಅಂದಿನಿಂದ ದಿನವೂ ಕೊನೆಯ ಪೀರಿಯಡ್ಡಿನಲ್ಲಿ ಆಟ ನಡೆಯಿತು. ಅದರ ನಿಯಮ ಕಷ್ಟದ್ದಲ್ಲ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅದನ್ನು ಎತ್ತಿ ಮುಂದುವರಿಯಬೇಕು. ಅದು ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನಮ್ಮದು, ಸರದಿ ಎದುರಿನವರದು. ಒಬ್ಬರ ಕಡೆ ಬೀಜವೇ ಉಳಿಯದಿದ್ದರೆ ಆಟ ಮುಗಿಯಿತು. ಎತ್ತುವ ಮೊದಲೇ ಬೀಜ ಎಲ್ಲಿ ನಿಲ್ಲುತ್ತದೆ, ಎಷ್ಟು ಸಿಗುತ್ತದೆ ಎಂದು ಹೇಳಬೇಕೆಂಬುದು ಮಾತ್ರ ಅಕ್ಕೋರು ಸೇರಿಸಿದ ನಿಯಮ. ಹೇಳಿದ ಮೇಲೆ ಅದನ್ನು ಸ್ಲೇಟಿನಲ್ಲಿ ಕೂಡಿಸಿ ಕಳೆದು ಬರೆಯಬೇಕು.

ರಶೀದಾ ಕೆನ್ನೆಗೆ ಕೈಯಿಟ್ಟು ಒಮ್ಮೆ ಮಣೆಯ ಸುತ್ತ ಕಣ್ಣಾಡಿಸಿ, ಹೇಳಿಬಿಡುತ್ತಿದ್ದಳು. ತಪ್ಪುತ್ತಿರಲಿಲ್ಲ. ಹುಡುಗಿಯರು ಅವಳ ಪಕ್ಕ ಕೂರಲು ಜಗಳವಾಡತೊಡಗಿದರು. ನೀರು ಕುಡಿಯಲು ಹೋದಾಗ ಮೈಲಮ್ಮ ಎಂಬ ತುಂಟ ಹುಡುಗಿ ಮಂಗಳನನ್ನು ನೋಡಿ, “ದಾರಿ ಬಿಡ್ರೇ, ಖಾಲಿ ಗುಳಿ ಎಣಿಸೋಳು ಬಂದ್ಲು,” ಎಂದಳು. ಎಲ್ಲರೂ ನಕ್ಕರು. ಮಂಗಳನೂ ನಕ್ಕಳು. ಆದರೆ ನೀರು ಕುಡಿಯದೇ ಕ್ಲಾಸಿಗೆ ಹಿಂತಿರುಗಿದಳು.

ಆಟ ಸಾಗಿದಂತೆ ರಶೀದಾಳಿಗೆ ಏಳರ ಮಗ್ಗಿಯೂ ಬರತೊಡಗಿತು. ಏಳು ಗುಳಿಗೆ ನಾಲ್ಕು ನಾಲ್ಕು ಬೀಜ ಹಾಕಿ, ಒಟ್ಟು ಮಾಡಿ, ಇಪ್ಪತ್ತೆಂಟು ಎಂದಳು. ಅಕ್ಕೋರು ಅವಳ ಬೆನ್ನು ತಟ್ಟಿದರು. ಆ ಸದ್ದು ಮಂಗಳನಿಗೆ ತನ್ನ ಬೆನ್ನಿಗೇ ಏಟು ಬಿದ್ದಂತೆ ಕೇಳಿಸಿತು.

“ಇಷ್ಟು ಚಲೋ ಆಟ ನಿನಗ ಯಾರು ಕಲಿಸಿದ್ರು?” ಎಂದು ಅಕ್ಕೋರು ಕೇಳಿದರು.

ರಶೀದಾ ತಲೆ ತಗ್ಗಿಸಿ, “ಮಂಗಳನ ಅಕ್ಕ ರೀ. ದಾಕ್ಷಕ್ಕ,” ಎಂದಳು.

ಕ್ಲಾಸಿನ ಹುಡುಗಿಯರೆಲ್ಲ ಮಂಗಳನ ಕಡೆ ತಿರುಗಿದರು. ನಿನಗೇಕೆ ಕಲಿಸಲಿಲ್ಲ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಅದನ್ನೇ ಕೇಳಿದಂತೆ ಅವಳಿಗೆ ಅನ್ನಿಸಿತು.

ಅವಳಿಗೆ ಈಗ ನೆನಪಾಯಿತು. ಮಾಬೂಬೀ ವಾರಕ್ಕೊಮ್ಮೆ ಮಂಡಕ್ಕಿ ತರುತ್ತಿದ್ದಳು, ಹಿಂದೆ ರಶೀದಾ ಬರುತ್ತಿದ್ದಳು. ಅವ್ವ ಸೇರಿನಲ್ಲಿ ಅಳೆಸಿಕೊಂಡು ಮಾತಾಡುತ್ತ ನಿಂತರೆ, ಅಕ್ಕ ಮಣೆ ತಂದು ಹೊರಗಿನ ಕಟ್ಟೆಯ ಮೇಲೆ ರಶೀದಾಳ ಎದುರು ಕೂರುತ್ತಿದ್ದಳು. “ಬಾರೇ ಮಂಗಳಿ, ನೀನೂ ಆಡು,” ಎಂದು ಅಕ್ಕ ಎಷ್ಟು ಸಲ ಕರೆದಿದ್ದಳು. ಮಂಗಳ ಪಡಸಾಲೆಯಿಂದಲೇ ಹದಿನೇಳರ ಮಗ್ಗಿಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ಹೊರಗೆ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಅದು ಯಾವುದಕ್ಕೆಂದು ರಶೀದಾಳಿಗೆ ಗೊತ್ತು. ಮಂಗಳನಿಗೆ ಗೊತ್ತಿಲ್ಲ.

ತನ್ನ ಜಾಗ ಹೋಯಿತು, ಇರಲಿ. ತನ್ನ ಅಕ್ಕನನ್ನೂ ಇವಳು ಹಂಚಿಕೊಂಡುಬಿಟ್ಟಳಲ್ಲ!

ಅಂದು ಶಾಲೆ ಬಿಟ್ಟಾಗ ಅವಳು ಮಣೆಯನ್ನು ಎತ್ತಿಕೊಂಡು ಮನೆಗೆ ಹೊರಟಳು. ಯಾಕೆಂದು ಅಕ್ಕೋರು ಕೇಳಿದರು.

“ನಮ್ಮವ್ವ ಇನ್ನು ಕೊಡಲ್ಲ ಅಂದಾಳ್ರಿ,” ಎಂದಳು ಮಂಗಳ, ಅವರ ಮುಖ ನೋಡದೆ.

ಮಣೆಯಿಲ್ಲದೆ ಆಟ ನಿಲ್ಲುತ್ತದೆ, ಸಂಜೆ ಮತ್ತೆ ಮಗ್ಗಿ ಶುರುವಾಗುತ್ತದೆ ಎಂದು ಅವಳು ಎಣಿಸಿದ್ದಳು. ಆದರೆ ಮಾರನೆಯ ದಿನ ಅಕ್ಕೋರು ರೈಲಿನಿಂದ ಇಳಿದು ಬಂದಾಗ ಅವರ ಕೈಚೀಲ ಭಾರವಾಗಿತ್ತು. ಅದರ ತುಂಬ ಹರಿಹರದ ಹೊಳೆದಂಡೆಯ ನುಣುಪಾದ ಹರಳುಗಳು. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಹುಡುಗಿಯರು ಕಡ್ಡಿಯಿಂದ ನೆಲ ಕೆದಕಿ ಗುಳಿ ತೋಡಿದರು. ಒಂದು ಮಣೆಯ ಬದಲು ನಾಲ್ಕು ಕಡೆ ಆಟ ಸಾಗಿತು. ರಶೀದಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತ ಎಲ್ಲರಿಗೂ ಹೇಳಿಕೊಟ್ಟಳು. ಮಂಗಳ ಹೊಟ್ಟೆನೋವೆಂದು ಹೇಳಿ ಕ್ಲಾಸಿನಲ್ಲೇ ಕುಳಿತಳು. ಕಿಟಕಿಯಿಂದ ನಗು ಒಳಗೆ ಬರುತ್ತಿತ್ತು.

ಮನೆಗೆ ಬಂದು ಅವಳು ಪಡಸಾಲೆಯ ಮೂಲೆಯಲ್ಲಿ ಒಬ್ಬಳೇ ಮಣೆ ಇಟ್ಟುಕೊಂಡು ಕುಳಿತಳು. ಎರಡು ಕಡೆಯೂ ತಾನೇ ಆಡಿದಳು. ಯಾವ ಕಡೆ ಗೆದ್ದರೂ ಗೆದ್ದಂತೆ ಅನ್ನಿಸಲಿಲ್ಲ. ಕಸ್ತೂರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮಣೆಯನ್ನು ಯಾಕೆ ವಾಪಸು ತಂದೆಯೆಂದು ಕೇಳಿದಳು. ಸಾಕಾಯಿತಂತೆ ಎಂದು ಮಂಗಳ ಅವ್ವನಿಗೂ ಒಂದು ಸುಳ್ಳು ಹೇಳಿದಳು.

ಶನಿವಾರ ಮಧ್ಯಾಹ್ನ ಮಂಡಕ್ಕಿಯ ಚೀಲ ತಲೆಯ ಮೇಲೆ ಹೊತ್ತು ರಶೀದಾ ಒಬ್ಬಳೇ ಬಂದಳು. ಅವಳ ತಾಯಿಗೆ ಭಟ್ಟಿಯಲ್ಲಿ ಕೆಲಸವಿತ್ತು. ದಾಕ್ಷಾಯಣಿ ಹೋದ ಮೇಲೆ ರಶೀದಾ ಕಟ್ಟೆ ಹತ್ತುತ್ತಿರಲಿಲ್ಲ. ಕೆಳಗೇ ನಿಂತು ಮಂಡಕ್ಕಿ ಅಳೆದುಕೊಟ್ಟಳು. ಆಮೇಲೆ ಹೋಗದೆ ಖಾಲಿ ಚೀಲವನ್ನು ಮಡಚುತ್ತ, ಬಿಚ್ಚುತ್ತ ನಿಂತಳು.

“ಅಮ್ಮಾರೆ, ಅಕ್ಕೋರು ಹೇಳಿ ಕಳಿಸ್ಯಾರ್ರಿ. ಅಳಗುಳಿ ಮಣಿ ಕೇಳಿದ್ದು ನಿಮಗ ಬ್ಯಾಸರ ಆಗಿದ್ರ ತಪ್ಪು ತಿಳಕೊಬ್ಯಾಡ್ರಿ ಅಂತ.”

ಮಂಗಳ ಬಾಗಿಲ ಹಿಂದೆ ನಿಂತಿದ್ದಳು. ಕಸ್ತೂರಮ್ಮ ತಿರುಗಿ ಮಗಳ ಮುಖ ನೋಡಿದಳು. ಆಕೆಗೆ ಎಲ್ಲವೂ ತಿಳಿಯಿತು. ಆದರೂ ಆಕೆ ಮಗಳನ್ನು ಬಯಲಿಗೆಳೆಯಲಿಲ್ಲ.

“ನನಗ್ಯಾಕವ್ವ ಬ್ಯಾಸರ. ಸೋಮವಾರ ಮಂಗಳ ತರ್ತಾಳ ಅಂತ ಹೇಳು,” ಎಂದಳು. ಆಮೇಲೆ, “ಮ್ಯಾಲೆ ಬಾ, ಒಂದಾಟ ಆಡಿ ಹೋಗು. ನಾನೂ ನೋಡಿ ಬಾಳ ದಿನ ಆಯ್ತು,” ಎಂದಳು.

ಮಂಗಳ ಮಣೆ ತಂದು ಕಟ್ಟೆಯ ಮೇಲಿಟ್ಟಳು. ಅವ್ವ ಹೇಳಿದಳೆಂದು ತಂದಳೇ ಹೊರತು ಮನಸ್ಸಿನಿಂದಲ್ಲ. ಮುಚ್ಚಳ ತೆಗೆದು, ಬೀಜ ಐದೈದರಂತೆ ಹಾಕತೊಡಗಿದಳು. ರಶೀದಾ ಮೆಲ್ಲಗೆ ಅವಳ ಕೈ ತಡೆದಳು.

“ಐದೈದು ಬ್ಯಾಡ. ಇದರಾಗ ಒಂದು ಆಟ ಇನ್ನೂ ಮುಗಿದಿರ್ಲಿಲ್ಲ.”

“ಯಾವ ಆಟ?” ಎಂದು ಕೇಳಿದವಳು ಕಸ್ತೂರಮ್ಮ.

ರಶೀದಾ ತಡವರಿಸುತ್ತ ಹೇಳಿದಳು. ಕೊನೆಯ ಸಲ ಅವಳು ಬಂದಾಗ ದಾಕ್ಷಕ್ಕನಿಗೆ ಆಗಲೇ ಜ್ವರವಿತ್ತು. ಕಂಬಳಿ ಹೊದ್ದುಕೊಂಡೇ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಆಟ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಕಷಾಯ ಕುಡಿಯಲು ಒಳಗಿನಿಂದ ಕರೆದರು. ದಾಕ್ಷಕ್ಕ ಬೀಜ ಅಲುಗಾಡದಂತೆ ತಾನೇ ಮುಚ್ಚಳ ಹಾಕಿದಳು.

“‘ಇವು ಹಿಂಗೇ ಇರ್ಲಿ. ನಾನು ಹುಷಾರಾದ ಮ್ಯಾಲೆ ಇಲ್ಲಿಂದಾನೇ ಆಡೋಣ, ನೀನು ಮರೀಬ್ಯಾಡ’ ಅಂದ್ಲು. ಮರೀಬಾರ್ದು ಅಂತ ದಿನಾ ಮಲಗೋ ಮುಂದ ಒಮ್ಮೆ ಹೇಳ್ಕೊಂತೀನಿ. ಈಗ್ಲೂ.”

“ನಾನೇ ಕರೆದಿದ್ದೆ,” ಎಂದಳು ಕಸ್ತೂರಮ್ಮ.

ಮಂಗಳನ ಕಿವಿಯಲ್ಲಿ ಹುಣಸೆಬೀಜಗಳು ತಟ್ಟೆಗೆ ಗಲಗಲ ಬಿದ್ದ ಸದ್ದು ಮತ್ತೆ ಕೇಳಿಸಿತು. ಅಂದು ಅವಳು ಸುರಿದದ್ದು ಬರೀ ಬೀಜಗಳನ್ನಲ್ಲ. ಒಂದು ವರ್ಷ ಮುಚ್ಚಳದ ಕೆಳಗೆ ಅಕ್ಕ ಬಿಟ್ಟ ಹಾಗೇ ಉಳಿದಿದ್ದುದನ್ನು ಅವಳು ಒಂದು ಗಳಿಗೆಯಲ್ಲಿ ಸುರಿದುಬಿಟ್ಟಿದ್ದಳು.

“ನಾನೇ ಎಲ್ಲಾ ಸುರಿದ್ಬಿಟ್ಟೆ,” ಎಂದಳು ಅವಳು. “ನೀನು ಅವತ್ತೇ ಯಾಕ ಹೇಳ್ಲಿಲ್ಲ?”

“ಎಲ್ಲರ ಮುಂದ ಹೆಂಗೆ ಹೇಳ್ಲಿ? ನಿನಗ ಗೊತ್ತಿರ್ಲಿಲ್ಲ,” ಎಂದಳು ರಶೀದಾ.

ಆಮೇಲೆ ಅವಳು ಕಣ್ಣು ಮುಚ್ಚಿ, ಬೆರಳು ಮಡಚುತ್ತ, ಬೀಜ ಹಂಚುತ್ತ ಹೋಗುವ ಕ್ರಮದಲ್ಲಿ, ಮಗ್ಗಿ ಹೇಳುವ ಧಾಟಿಯಲ್ಲೇ ಹೇಳತೊಡಗಿದಳು. “ಅಕ್ಕನ ಕಡೆ ಎರಡು, ಖಾಲಿ, ಮೂರು, ಖಾಲಿ, ಏಳು, ಒಂದು, ಖಾಲಿ. ನನ್ನ ಕಡೆ ಖಾಲಿ, ಎಂಟು, ಆಮೇಲೆ ಎಲ್ಲಾ ಖಾಲಿ.” ಏಳರ ಮಗ್ಗಿಯಲ್ಲಿ ಜಂತೆ ನೋಡುತ್ತ ನಿಲ್ಲುತ್ತಿದ್ದ ಹುಡುಗಿ ಎಲ್ಲಿಯೂ ತಡೆಯಲಿಲ್ಲ. ಅವಳು ಹೇಳಿದಂತೆ ಮಂಗಳ ಒಂದೊಂದೇ ಗುಳಿಗೆ ಬೀಜ ಹಾಕಿದಳು. ಮಿಕ್ಕವನ್ನು ತುದಿಯ ದೊಡ್ಡ ಗುಳಿಗಳಲ್ಲಿಟ್ಟಳು. ಅವ್ವ ಕಂಬಕ್ಕೆ ಒರಗಿ ಕುಳಿತು, ಒಂದೊಂದು ಬೀಜ ಬೀಳುವುದನ್ನೂ ನೋಡಿದಳು.

“ಯಾರ ಸರದಿ ಇತ್ತು?” ಎಂದು ಮಂಗಳ ಕೇಳಿದಳು.

“ದಾಕ್ಷಕ್ಕಂದು. ನೀನು ಆಡು.”

ಮಂಗಳ ಅಕ್ಕ ಕೂರುತ್ತಿದ್ದ ಕಡೆಗೆ ಸರಿದು ಕುಳಿತಳು. ಮಣೆಯ ಮೇಲೆ ಕಣ್ಣಾಡಿಸಿದಳು. ಈ ಸಲ ಎತ್ತುವ ಗುಳಿಯನ್ನು ಬಿಟ್ಟು ಎಣಿಸಿದಳು. ಎಣಿಸಿದ ಕೂಡಲೇ ಅವಳಿಗೆ ಹೊಳೆಯಿತು. ಅಕ್ಕನ ಕಡೆಯ ಆ ಒಂಟಿ ಬೀಜವನ್ನು ಎತ್ತಿ ಪಕ್ಕದ ಗುಳಿಗೆ ಹಾಕಿದರೆ ಸಾಕು. ಅದರ ಮುಂದಿನದು ಖಾಲಿ. ಅದರಾಚೆ ರಶೀದಾಳ ಎಂಟು ಬೀಜಗಳು. ಅಷ್ಟೂ ಗೆದ್ದಂತೆ. ಅವಳ ಕಡೆ ಇನ್ನೊಂದು ಬೀಜವೂ ಉಳಿಯುವುದಿಲ್ಲ. ಆಟವೇ ಮುಗಿಯುತ್ತದೆ.

“ಅಕ್ಕ ಗೆದ್ದುಬಿಡ್ತಿದ್ಲು ಕಣೇ. ನೋಡಿಲ್ಲಿ, ಈ ಒಂದು ಬೀಜ.”

“ಗೊತ್ತು. ಅಕ್ಕನಿಗೂ ಗೊತ್ತಿತ್ತು. ನನ್ನ ನೋಡಿ ನಕ್ಕಿದ್ಲು,” ಎಂದಳು ರಶೀದಾ. “ಆದ್ರ ಅದನ್ನ ಮುಟ್ಟಲಿಲ್ಲ. ಈ ಏಳರ ಗುಳಿ ಮ್ಯಾಲೆ ಬೆರಳಿಟ್ಟಿದ್ಲು. ಅಷ್ಟರಾಗ ಅಮ್ಮಾರು ಕರೆದ್ರು.”

ಮಂಗಳ ಆ ಏಳು ಬೀಜಗಳನ್ನು ಕಣ್ಣಲ್ಲೇ ಹಂಚಿ ನೋಡಿದಳು. ಎರಡು ಅಕ್ಕನ ಕಡೆ ಬಿದ್ದವು. ಮಿಕ್ಕ ಐದೂ ರಶೀದಾಳ ಕಡೆ, ಗುಳಿಗೊಂದರಂತೆ. ಮುಂದಿನದು ಖಾಲಿ, ಅದರಾಚೆಯದೂ ಖಾಲಿ. ಅಕ್ಕನಿಗೆ ಸಿಗುವುದು ಏನೂ ಇಲ್ಲ. ಎರಡು ಸಲ ಎಣಿಸಿದರೂ ಅಷ್ಟೇ. ಗೆಲ್ಲುವ ಬೀಜ ಕಣ್ಣೆದುರಿಗೇ ಇರುವಾಗ ಅಕ್ಕ ಇದನ್ನು ಯಾಕೆ ಆರಿಸಿದಳು?

ಮೂರನೆಯ ಸಲ ಅವಳು ಬೀಜಗಳನ್ನು ಎಣಿಸಲಿಲ್ಲ. ಕಂಬಳಿ ಹೊದ್ದು ಕುಳಿತ ಅಕ್ಕನನ್ನು ನೆನೆದಳು. ಒಳಗೆ ಹಾಸಿಗೆ, ಕಷಾಯ, ಒಂದೇ ಸಮನೆ ಮಗ್ಗಿ ಹೇಳುವ ತಂಗಿ. ಹೊರಗೆ ಬಿಸಿಲು ಬಿದ್ದ ಈ ಕಟ್ಟೆ. ಗೆದ್ದರೆ ಎದ್ದು ಒಳಗೆ ಹೋಗಬೇಕು.

ಅಕ್ಕನಿಗೆ ಗೆಲ್ಲುವುದು ಬೇಕಾಗಿರಲಿಲ್ಲ. ಆಟ ಮುಗಿಯಬಾರದಾಗಿತ್ತು.

ಕಸ್ತೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಕೆಗೂ ಅದು ತಿಳಿಯಿತೋ ಏನೋ, ಮಂಗಳ ಕೇಳಲಿಲ್ಲ. ಆಕೆ ಎದ್ದು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ತಂದು ಇಬ್ಬರ ನಡುವೆ ಇಟ್ಟು, ಮತ್ತೆ ಕಂಬದ ಬಳಿ ಕುಳಿತಳು.

ಮಂಗಳ ಏಳು ಬೀಜಗಳನ್ನೂ ಎತ್ತಿಕೊಂಡಳು. ಅವು ಅಂಗೈಯಲ್ಲಿ ತಣ್ಣಗಿದ್ದವು. ಅವಸರಪಡದೆ ಒಂದೊಂದೇ ಹಾಕುತ್ತ ಹೋದಳು. ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅಲ್ಲೇ ಬಿತ್ತು.

ಆಮೇಲೆ ಮಣೆಯನ್ನು ರಶೀದಾಳ ಕಡೆಗೆ ಸ್ವಲ್ಪ ಸರಿಸಿದಳು.

“ಈಗ ನಿಂದು,” ಎಂದಳು.